ಮಳೆಗಾಲಕ್ಕೆ ಮುನ್ನವೇ ಸಿದ್ಧವಾಗಬೇಕಾದ ಮನೆ
ಸಣ್ಣ ಉತ್ಪಾದಕರಿಗೆ ಒಂದು ಅಭ್ಯಾಸ ಪಾಠ

2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳಲ್ಲಿ ಮನೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ಜಂಬೂರು ಮತ್ತು ಮದೆನಾಡಿನ ಹೊಸ ಬಡಾವಣೆಗಳಲ್ಲಿ ಮನೆಯ ಕೀಲಿಕೈ ದೊರೆತದ್ದು 2020ರ ಜೂನ್‌ನಲ್ಲಿ. ಅಂದರೆ ಸುಮಾರು 22 ತಿಂಗಳ ಕಾಯುವಿಕೆ. ಉತ್ತರ ಕರ್ನಾಟಕದಲ್ಲಿ 2009ರ ಮತ್ತು 2019ರ ನೆರೆಗಳ ನಂತರವೂ ತಗಡಿನ ಶೆಡ್ಡು, ಬಾಡಿಗೆ ಕೋಣೆ, ಬಂಧುಗಳ ಜಗಲಿಗಳೇ ಬಹಳ ಜನರಿಗೆ ಆಸರೆಯಾದವು. ನಿವೇಶನ, ಅನುದಾನ ಮುಂತಾದವು ಸರ್ಕಾರಕ್ಕೆ ಸೇರಿದ ವಿಷಯಗಳು. ಆದರೆ ಮನೆಯ ಭಾಗಗಳು ಸಕಾಲದಲ್ಲಿ ದೊರೆಯುವಂತೆ ಮಾಡುವುದು ಉದ್ಯಮಿಗಳ ಕೈಯಲ್ಲಿದೆ. ಸಾರಕ್ಕಿ ಕೈಗಾರಿಕಾ ಬಡಾವಣೆಯಿಂದ ಬನಶಂಕರಿಯವರೆಗೆ ಹರಡಿರುವ ಫ್ಯಾಬ್ರಿಕೇಷನ್ ಘಟಕಗಳು, ಬ್ಲಾಕ್ ತಯಾರಕರು ಮತ್ತು ಹಾರ್ಡ್‌ವೇರ್ ವರ್ತಕರು ಈ ದಿಸೆಯಲ್ಲಿ ಏನು ಮಾಡಬಹುದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಅಳತೆಯೇ ಮೊದಲ ಬಂಡವಾಳ

ಮಾಡ್ಯುಲರ್ ಮನೆಯೆಂದರೆ ಕಾರ್ಖಾನೆಯಲ್ಲಿ ಪೂರ್ತಿ ಕಟ್ಟಿ ಕ್ರೇನಿನಿಂದ ಇಳಿಸುವ ಪೆಟ್ಟಿಗೆಯಲ್ಲ. ಎಲ್ಲ ತಯಾರಕರೂ ಒಪ್ಪಿಕೊಂಡ ಒಂದೇ ಅಳತೆಗೆ ಹೊಂದುವ ಬಿಡಿಭಾಗಗಳ ಜೋಡಣೆಯೇ ಅದರ ತಿರುಳು. ಭಾರತೀಯ ಮಾನಕದ ಪ್ರಕಾರ ಮೂಲ ಅಳತೆ 100 ಮಿ.ಮೀ. ಮಾಡ್ಯುಲರ್ ಇಟ್ಟಿಗೆಯ ಎತ್ತರ 90 ಮಿ.ಮೀ., ಗಾರೆ ಸೇರಿ 100 ಮಿ.ಮೀ. ಹೀಗಾಗಿ 21 ವರಸೆಗೆ ಸರಿಯಾಗಿ 2100 ಮಿ.ಮೀ. ಬಾಗಿಲು ಕೂರುತ್ತದೆ. ಅದೇ ಬಾಗಿಲನ್ನು ಗಾರೆ ಸೇರಿ 200 ಮಿ.ಮೀ. ಎತ್ತರದ ಸಾಲಿಡ್ ಬ್ಲಾಕಿನ ಗೋಡೆಗಿಟ್ಟರೆ ಹತ್ತೂವರೆ ವರಸೆಯಾಗುತ್ತದೆ. ಅರ್ಧ ಬ್ಲಾಕು ಒಡೆಯಬೇಕು, ಕೂಲಿಯೂ ಮಾಲೂ ವ್ಯರ್ಥ.

ಒಂದು ಉದಾಹರಣೆ ನೋಡೋಣ. ಒಳ ಅಳತೆ 3.0 × 4.2 ಮೀಟರ್ ಇರುವ ಒಂದು ಕೋಣೆಯ ವಿಸ್ತೀರ್ಣ 12.6 ಚದರ ಮೀಟರ್. ಮೊದಲು ಒಂದು ಕೋಣೆಯನ್ನು ತುರ್ತಾಗಿ ನಿಲ್ಲಿಸಿ, ಮುಂದೆ ಅದರ ಪಕ್ಕಕ್ಕೆ ಇನ್ನೊಂದನ್ನು ಸೇರಿಸಿದರೆ 25.2 ಚದರ ಮೀಟರ್ ಆಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ನಿಗದಿಪಡಿಸಿದ 25 ಚದರ ಮೀಟರ್ ಕನಿಷ್ಠ ಮಿತಿಯನ್ನು ಅದು ತಲುಪುತ್ತದೆ. ತಾತ್ಕಾಲಿಕ ಶೆಡ್ಡಿಗೆ ಸುರಿದ ಹಣ ಗುಜರಿಗೆ ಹೋಗದೆ ಶಾಶ್ವತ ಮನೆಯ ಅರ್ಧ ಭಾಗವಾಗಿ ಉಳಿಯುತ್ತದೆ. ಮೂರು ಮೀಟರ್ ಅಗಲಕ್ಕೆ ಇನ್ನೊಂದು ಕಾರಣವೂ ಇದೆ. ಮಾರುಕಟ್ಟೆಯಲ್ಲಿ ಆರು ಮೀಟರ್ ಉದ್ದಕ್ಕೆ ದೊರೆಯುವ ಉಕ್ಕಿನ ಕೊಳವೆಯನ್ನು ಎರಡಾಗಿ ಕತ್ತರಿಸಿದರೆ ತುಂಡು ಮಿಗುವುದಿಲ್ಲ. ಘಟ್ಟದ ಕಿರಿದಾದ ರಸ್ತೆಗಳಿಗೆ ಸಣ್ಣ ಸರಕು ವಾಹನದಲ್ಲೇ ಅದನ್ನು ಸಾಗಿಸಬಹುದು. ಇಬ್ಬರು ಹೊತ್ತು ನಡೆಯಲೂಬಹುದು.

ಛಾವಣಿ ಹಾರದಂತೆ

ಹಗುರ ಮನೆಗೆ ಗಾಳಿಯೇ ಶತ್ರು. ವಿನ್ಯಾಸಕ್ಕೆ ಪರಿಗಣಿಸುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸರಳ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 67 ಕಿಲೋ, ಮಂಗಳೂರಿನಲ್ಲಿ 93 ಕಿಲೋ ಭಾರದಷ್ಟಾಗುತ್ತದೆ. ಅರ್ಧ ಮಿ.ಮೀ. ದಪ್ಪದ ಛಾವಣಿ ತಗಡಿನ ತೂಕವಾದರೋ ಚದರ ಮೀಟರಿಗೆ ಐದು ಕಿಲೋ ಆಸುಪಾಸು. ಗಾಳಿ ಅದನ್ನು ಮೇಲಕ್ಕೆ ಸೆಳೆಯುವಾಗ ತಡೆಯುವುದು ತಗಡಿನ ತೂಕವಲ್ಲ, ಅದರ ಬೋಲ್ಟು. ತಗಡಿನಿಂದ ಜಂತಿಗೆ, ಜಂತಿಯಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಹಿಡಿತ ಎಲ್ಲಿಯೂ ಕಡಿಯಬಾರದು. ಬೆಲೆ ತಗ್ಗಿಸಲು ಕೊಕ್ಕೆ, ವಾಷರುಗಳಲ್ಲಿ ಕೈ ಬಿಗಿಹಿಡಿಯುವುದು ಮನೆಮಂದಿಯ ಪ್ರಾಣದೊಡನೆ ಆಡುವ ಚೌಕಾಸಿ. ಅನುಭವಿ ಎಂಜಿನಿಯರರಿಂದ ವಿನ್ಯಾಸ ಪರಿಶೀಲಿಸಿಕೊಂಡೇ ತಯಾರಿಕೆಗೆ ಇಳಿಯತಕ್ಕದ್ದು.

ಗೋಡೆಗೆ ಮಣ್ಣು, ಆದರೆ ಬೇಸಿಗೆಯ ಮಣ್ಣು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕುಗಳನ್ನು ಬೆಂಗಳೂರಿಗೆ ಪರಿಚಯಿಸಿತು. ಸೂಕ್ತ ಮರಳು ಮಿಶ್ರಿತ ಮಣ್ಣಿಗೆ ಸುಮಾರು ಶೇಕಡ 7ರಿಂದ 8ರಷ್ಟು ಸಿಮೆಂಟ್ ಸಾಕು. ಗೂಡಿನಲ್ಲಿ ಸುಡುವ ಅಗತ್ಯವಿಲ್ಲವಾದ್ದರಿಂದ ಸೌದೆ, ಕಲ್ಲಿದ್ದಲು ಉಳಿಯುತ್ತವೆ. ಆದರೆ ಈ ಬ್ಲಾಕಿಗೆ ಮೂರು ನಾಲ್ಕು ವಾರ ನೀರುಣಿಸಿ ಹದಗೊಳಿಸಬೇಕು. ಮಳೆಯಲ್ಲಿ ತೊಯ್ದ ಮಣ್ಣನ್ನು ಜರಡಿ ಹಿಡಿಯಲೂ ಆಗದು. ಆಗಸ್ಟ್‌ನಲ್ಲಿ ಬೇಕಾಗುವ ಬ್ಲಾಕನ್ನು ಮೇ ತಿಂಗಳೊಳಗೆ ಒತ್ತಿಡಬೇಕು. ಗೋಡೆಯ ಬುಡಕ್ಕೆ ಕಲ್ಲಿನ ಎತ್ತರದ ಪಾಯ, ಮೇಲೆ ಎರಡಡಿ ಚಾಚಿದ ಸೂರು ಇಲ್ಲದಿದ್ದರೆ ಮಲೆನಾಡಿನ ಇರಚಲಿಗೆ ಅದು ಬಾಳುವುದಿಲ್ಲ. ಸೂರಿನ ನೀರನ್ನು ದೋಣಿಯಿಂದ ತೊಟ್ಟಿಗೆ ಇಳಿಸುವ ಬಗೆಯನ್ನು ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ರೂಪಿಸಿದ ಮಳೆನೀರು ಕೊಯ್ಲು ಉದ್ಯಾನದಲ್ಲಿ ನೋಡಿ ಕಲಿಯಬಹುದು.

ಮಾಲು ಮಲಗದಂತೆ

ಬಾರದಿರಲೆಂದು ಹಾರೈಸುವ ಆಪತ್ತಿಗಾಗಿ ದಾಸ್ತಾನು ಮಾಡಿ ಬಂಡವಾಳ ಕಟ್ಟಿಹಾಕುವುದು ಹೇಗೆಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಇದೇ ಅಳತೆಯ ಬಾಗಿಲು, ಜಂತಿ, ಬ್ಲಾಕುಗಳು ಕಟ್ಟಡ ಕಾರ್ಮಿಕರ ವಸತಿಗೆ, ಕಾವಲುಗಾರರ ಕೋಣೆಗೆ, ತೋಟದ ಮನೆಗೆ ವರ್ಷವಿಡೀ ಬೇಕು. ದಾಸ್ತಾನು ಉರುಳುತ್ತಿರಲಿ, ಆದರೆ ಮೇ ಕೊನೆಯಲ್ಲಿ ನಿಗದಿತ ಸಂಖ್ಯೆಯ ಕೋಣೆಗಳಿಗೆ ಸಾಕಾಗುವಷ್ಟು ಉಳಿದಿರಲಿ. ಒಬ್ಬರೇ ಎಲ್ಲವನ್ನೂ ಮಾಡಬೇಕಿಲ್ಲ: ಒಬ್ಬರು ಚೌಕಟ್ಟು, ಇನ್ನೊಬ್ಬರು ಬ್ಲಾಕು, ಮತ್ತೊಬ್ಬರು ಬೋಲ್ಟಿನ ಪೊಟ್ಟಣ. ಐದಾರು ಘಟಕಗಳು ಒಂದೇ ನಕ್ಷೆಗೆ ಸಹಿ ಹಾಕಿ, ಒಂದು ಮಾದರಿ ಕೋಣೆಯನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ನೋಡಿದರೆ ದೋಷಗಳು ತಾವಾಗಿಯೇ ಗೋಚರಿಸುತ್ತವೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕುಸಿಯುವ ಇಳಿಜಾರಿನಲ್ಲಿ, ಹೊಳೆಯ ಪಾತ್ರದಲ್ಲಿ ಎಂಥ ಗಟ್ಟಿ ಮನೆಯೂ ನಿಲ್ಲದು. ಬಿ.ಟಿ.ಎಂ. ಬಡಾವಣೆಯ ತಗ್ಗು ರಸ್ತೆಗಳಲ್ಲಿ ಮಳೆನೀರು ನುಗ್ಗಿದ ಅಂಗಡಿಗಳ ಮಾಲೀಕರಿಗೆ ಜಾಗದ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಸುರಕ್ಷಿತ ನೆಲವನ್ನು ಗುರುತಿಸುವುದು ಆಡಳಿತದ ಹೊಣೆ. ಆ ನೆಲ ದೊರೆತ ದಿನ ಮನೆಯ ಭಾಗಗಳು ಗೋದಾಮಿನಲ್ಲಿ ಸಿದ್ಧವಿರಬೇಕಾದುದು ನಮ್ಮ ಹೊಣೆ.