ಲಾಂಟಾನವೂ ಅದರ ಕುಟುಂಬವೂ

ಶಿವಮೊಗ್ಗ ನಗರದಿಂದ ಗಾಜನೂರಿನ ಕಡೆಗಾಗಲಿ ಭದ್ರಾವತಿಯಿಂದ ಲಕ್ಕವಳ್ಳಿಯ ಕಡೆಗಾಗಲಿ ಹೋಗುವವರಿಗೆ ಹೊಲದ ಬದುಗಳಲ್ಲಿಯೂ ಕಾಡಿನ ಅಂಚುಗಳಲ್ಲಿಯೂ ಲಾಂಟಾನದ ಮುಳ್ಳುಪೊದೆಯು ಕಾಣದಿರದು. ಹಳದಿ, ಕೆಂಪು, ನಸುಗೆಂಪು ಹೂಗೊಂಚಲುಗಳಿಂದ ನೋಟಕ್ಕೆ ಸೊಗಸಾಗಿರುವ ಈ ಗಿಡವು ನಮ್ಮ ನಾಡಿನದಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಂದ ಬಂದುದು. ದನಕರುಗಳುಳ್ಳ ಬೇಸಾಯಗಾರರು ಇದರ ಗುಣವನ್ನೂ, ಇದರ ನೆಂಟರಾರೆಂಬುದನ್ನೂ ಅರಿತಿರುವುದು ಅವಶ್ಯಕ. ಏಕೆಂದರೆ ಬೇಲಿಗೆಂದು ಬಿಟ್ಟುಕೊಂಡ ಗಿಡವೇ ಕೊಟ್ಟಿಗೆಯನ್ನು ಬರಿದುಮಾಡುವುದುಂಟು.

ಹದಿನೇಳನೆಯ ಶತಮಾನದಲ್ಲಿ ಡಚ್ಚರು ಇದನ್ನು ಬ್ರೆಜಿಲ್ ದೇಶದಿಂದ ಯೂರೋಪಿಗೆ ಒಯ್ದರು. ೧೭೫೩ರಲ್ಲಿ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು ಇದಕ್ಕೆ ಲಾಂಟಾನ ಕಮಾರ ಎಂಬ ಹೆಸರನ್ನು ಗೊತ್ತುಪಡಿಸಿದನು. ಲಾಂಟಾನವೆಂಬುದು ಮೊದಲು ಯೂರೋಪಿನ ಬೇರೊಂದು ಗಿಡದ ಹೆಸರು. ಹೋಲಿಕೆಯ ಕಾರಣದಿಂದ ಇದಕ್ಕೆ ಬಂದಿತು. ಅಲ್ಲಿನ ತೋಟಗಾರರು ಬಣ್ಣದ ಆಸೆಯಿಂದ ಒಂದು ಬಗೆಯೊಡನೆ ಇನ್ನೊಂದನ್ನು ಕೂಡಿಸಿ ನೂರಾರು ತಳಿಗಳನ್ನು ಎಬ್ಬಿಸಿದರು. ಆದಕಾರಣ ಈಗ ಎಲ್ಲೆಲ್ಲಿಯೂ ಹಬ್ಬಿರುವುದು ಒಂದೇ ಕಾಡುಜಾತಿಯಲ್ಲ, ಹಲವು ಜಾತಿಗಳ ಮಿಶ್ರಣ. ೧೮೦೯ರಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು. ಮುಂದೆ ಬೇಲಿಯ ಗಿಡವಾಯಿತು. ಆದರೆ ಬೇಲಿಯಲ್ಲಿಟ್ಟುದನ್ನು ಹಕ್ಕಿಗಳು ಅಲ್ಲಿಯೇ ಇರಗೊಡಲಿಲ್ಲ. ಪಿಕಳಾರ, ಗೊರವಂಕಗಳು ಹಣ್ಣನ್ನು ತಿಂದು ಬೀಜವನ್ನು ದೂರದೂರಕ್ಕೆ ಬಿತ್ತಿದುವು.

ಈ ಗಿಡಕ್ಕೆ ಬೇಕಾದುದು ಬೆಳಕು. ದಟ್ಟವಾದ ನೆರಳಿನಲ್ಲಿ ಸೊರಗುವುದು. ಮರ ಕಡಿದ ತೆರವಿನಲ್ಲಿ ಎಲ್ಲಕ್ಕೂ ಮೊದಲು ಸೇರಿಕೊಳ್ಳುವುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸಕ್ಕೆ ತೊಡಗಿದಾಗ ಅದರ ಕುಲುಮೆಗೆ ಇದ್ದಿಲೇ ಉರುವಲಾಗಿದ್ದು, ಅದಕ್ಕೆ ಬೇಕಾದ ಮರವು ಸುತ್ತಣ ಕಾಡುಗಳಿಂದ ಬರುತ್ತಿತ್ತು. ಹೀಗೆ ಮರ ಹೋದಲ್ಲೆಲ್ಲ ಬೆಳಕನ್ನರಸುವ ಗಿಡಗಳಿಗೆ ಎಡೆಯಾಗುವುದು ಸಹಜ.

ಲಾಂಟಾನದ ಎಳೆಯ ಕಾಂಡವು ನಾಲ್ಕು ಮೂಲೆಯದು. ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿರುವುವು. ಎಲೆಗಳು ಎದುರುಬದುರಾಗಿದ್ದು, ಒರಟಾಗಿ, ತಿಕ್ಕಿದರೆ ಘಾಟುವಾಸನೆಯನ್ನು ಕೊಡುವುವು. ಗೊಂಚಲಿನ ಪ್ರತಿಯೊಂದು ಹೂವೂ ಒಂದು ಸಪೂರ ನಳಿಗೆ. ಅದರೊಳಗೆ ಎರಡು ಉದ್ದ, ಎರಡು ಗಿಡ್ಡ, ಒಟ್ಟು ನಾಲ್ಕು ಕೇಸರಗಳು. ಅನೇಕ ಬಗೆಗಳಲ್ಲಿ ಅರಳಿದ ದಿನ ಹಳದಿಯಾಗಿದ್ದ ಹೂವು ಪರಾಗಸ್ಪರ್ಶವಾದ ಮೇಲೆ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದು. ಚಿಟ್ಟೆಗಳು ಮಧುವಿರುವ ಹಳದಿ ಹೂವನ್ನೇ ಆರಿಸಿಕೊಳ್ಳುವುದನ್ನು ಯಾರಾದರೂ ನಿಂತು ನೋಡಬಹುದು. ಹಸಿರು ಕಾಯಿಯು ಮಾಗಿ ಕಪ್ಪಾಗುವುದು.

ಇದು ವರ್ಬಿನೇಸಿ ಎಂಬ ಕುಟುಂಬಕ್ಕೆ ಸೇರಿದುದು. ಹಳೆಯ ಪುಸ್ತಕಗಳು ನಮ್ಮ ತೇಗ, ಶಿವನೆ, ಲಕ್ಕಿ ಇವುಗಳನ್ನೂ ಇದೇ ಕುಟುಂಬದಲ್ಲಿ ಎಣಿಸುತ್ತಿದ್ದುವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಶಾಸ್ತ್ರಜ್ಞರು ಹೂಗೊಂಚಲಿನ ಕ್ರಮವನ್ನೂ ಅಂಡಾಶಯದ ರಚನೆಯನ್ನೂ ಪುನಃ ಪರೀಕ್ಷಿಸಿ ಈ ಮೂರನ್ನೂ ತುಲಸಿಯ ಕುಟುಂಬಕ್ಕೆ ಸೇರಿಸಿದರು. ಉಳಿದ ವರ್ಬಿನೇಸಿಯು ಬಹುಮಟ್ಟಿಗೆ ಅಮೆರಿಕಾದ ಕುಟುಂಬವೇ ಆಯಿತು. ನೀಲಿ ಗೊಂಚಲಿನ ಪೆಟ್ರಿಯಾ ಬಳ್ಳಿಯೂ, ಉತ್ತರಾಣಿಯಂತೆ ಉದ್ದವಾದ ತೆನೆಯುಳ್ಳ ಸ್ಟ್ಯಾಕಿಟಾರ್ಫೀಟವೂ, ಮನೆಯಂಗಳದ ಬೇಲಿಗೆ ನೆಡುವ ದುರಾಂತವೂ ಅದರವೇ. ಈ ಕೊನೆಯ ಹೆಸರು ಡುರಾಂಟೆ ಎಂಬ ಇಟಲಿಯ ವೈದ್ಯನಿಂದ ಬಂದುದಾದರೂ ಕನ್ನಡದ ಕಿವಿಗೆ ಎಚ್ಚರಿಕೆಯಂತೆ ಕೇಳುವುದು ಒಳ್ಳೆಯದೇ ಆಯಿತು; ಅದರ ಹಳದಿ ಹಣ್ಣು ಮಕ್ಕಳಿಗೆ ವಿಷ.

ಲಾಂಟಾನದ ಎಲೆಯಲ್ಲಿ ಲಾಂಟಾಡೀನ್ ಎಂಬ ವಿಷವಿರುವುದು. ವಾಡಿಕೆಯಾಗಿ ಅಲ್ಲಿಯೇ ಮೇಯುವ ದನಗಳು ಅದನ್ನು ಮುಟ್ಟವು. ಹೊಸದಾಗಿ ಕೊಂಡು ತಂದವೂ, ಬರಗಾಲದಲ್ಲಿ ಹಸಿದವೂ ತಿನ್ನುವುವು. ವಿಷವು ಪಿತ್ತಜನಕಾಂಗವನ್ನು ಕೆಡಿಸಿ ಪಿತ್ತವು ಹರಿಯದಂತೆ ಮಾಡುವುದು. ದನವು ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು, ಬಿಸಿಲಿಗೆ ಬಿದ್ದ ಬಿಳಿಯ ಚರ್ಮವು ಕೆಂಪೇರಿ ಬಿರಿಯುವುದು. ಮುಖ್ಯವಾಗಿ ತಿಳಿಯಬೇಕಾದುದೇನೆಂದರೆ, ಹೊಟ್ಟೆಯ ಚಲನೆ ನಿಂತುಹೋಗುವುದರಿಂದ ತಿಂದ ಎಲೆಯು ಒಳಗೆಯೇ ಉಳಿದು ದಿನದಿನವೂ ವಿಷವನ್ನು ಬಿಡುತ್ತಿರುವುದು. ತಾನಾಗಿ ಗುಣವಾಗಲೆಂದು ಕಾಯುವವರು ದನವನ್ನು ಕಳೆದುಕೊಳ್ಳುವುದು ಇದರಿಂದಲೇ. ಕೂಡಲೇ ನೆರಳಿನ ಕೊಟ್ಟಿಗೆಯಲ್ಲಿ ಕಟ್ಟಿ ಪಶುವೈದ್ಯರನ್ನು ಕರೆಸತಕ್ಕದ್ದು. ವಿಷವನ್ನು ಹೀರುವ ಔಷಧದ ಇದ್ದಿಲನ್ನು ಅವರು ನೀರಿನಲ್ಲಿ ಕಲಸಿ ಕುಡಿಸುವರು. ಬೇಗ ಕುಡಿಸಿದಷ್ಟೂ ಫಲ ಹೆಚ್ಚು.

ಇದನ್ನು ಕೀಟಗಳಿಂದ ಅಡಗಿಸಲು ೧೯೨೧ರಲ್ಲಿ ಹವಾಯಿಯಿಂದ ಬೀಜ ತಿನ್ನುವ ನೊಣವನ್ನೂ, ೧೯೪೧ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರುವ ತಿಗಣೆಯನ್ನೂ ಭಾರತಕ್ಕೆ ತರಿಸಿದರು. ಗಿಡವು ಎರಡಕ್ಕೂ ಬಗ್ಗಲಿಲ್ಲ. ಮೇಲೆ ಕಡಿದರೂ ಸುಟ್ಟರೂ ಬುಡದಿಂದ ಚಿಗುರುವುದು. ಆದುದರಿಂದ ಹಣ್ಣಾಗುವ ಮೊದಲು, ಮಣ್ಣಿನೊಳಗೆ ಎರಡು ಬೆರಳಿನಷ್ಟು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ಆ ನೆಲವನ್ನು ಬರಿದಾಗಿ ಬಿಡದೆ ಹುಲ್ಲನ್ನು ಬಿತ್ತಬೇಕು. ಹಕ್ಕಿಗಳು ತಂದ ಬೀಜದಿಂದ ಹುಟ್ಟಿದ ಸಸಿಗಳನ್ನು ಎಳೆಯವಾಗಿರುವಾಗಲೇ ಕೈಯಿಂದ ಕೀಳಬೇಕು. ಬೇಲಿಯೇ ಬೇಕಾದಲ್ಲಿ ಮುಂಗಾರಿನ ಮೊದಲಲ್ಲಿ ಲಕ್ಕಿಯ ಬಲಿತ ಕಡ್ಡಿಗಳನ್ನು ಒತ್ತಾಗಿ ನೆಡಬಹುದು. ಅದು ಸುಲಭವಾಗಿ ಬೇರು ಬಿಡುವುದು, ದನಗಳೂ ಅದನ್ನು ಮೇಯವು.