ಸತ್ತ ಹಸುವಿನ ಕಾಗದಕ್ಕೂ ಬೆಲೆಯಿದೆ: ಹೈನುಗಾರರ ಖರ್ಚು ಮತ್ತು ಆದಾಯ ತೆರಿಗೆ



ಹಸು ಸತ್ತಾಗ ಪಶುವೈದ್ಯರು ಬರೆದುಕೊಡುವ ಮರಣ ದೃಢೀಕರಣ ಪತ್ರ ವಿಮೆಗೆ ಮಾತ್ರ ಬೇಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ವಿಮೆ ಮಾಡಿಸದವರು ಅದನ್ನು ಕೇಳುವುದೇ ಇಲ್ಲ. ಆದರೆ ಆದಾಯ ತೆರಿಗೆ ಲೆಕ್ಕದಲ್ಲೂ ಆ ಹಾಳೆ ನಿಮ್ಮ ಹಣ ಉಳಿಸಬಲ್ಲದು.

ಹಾಲಿನ ಹಣ ಕೃಷಿ ಆದಾಯವೇ?

ಅಲ್ಲ. ಜಮೀನಿನಲ್ಲಿ ಬೆಳೆದ ರಾಗಿ, ಭತ್ತದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಸು ಸಾಕಿ ಹಾಲು ಮಾರಿದರೆ ಅದು ವ್ಯವಹಾರದ ಆದಾಯ. ವಿಜಯನಗರ, ಹಿನಕಲ್ ಕಡೆ ಮನೆಯ ಹಿಂದೆ ಕೊಟ್ಟಿಗೆ ಮಾಡಿಕೊಂಡವರಿಗೂ ಹಳ್ಳಿಯವರಿಗೂ ಇದೇ ನಿಯಮ. ಸಹಕಾರ ಸಂಘಕ್ಕಿರುವ ತೆರಿಗೆ ರಿಯಾಯಿತಿ ಸಂಘದ ಲಾಭಕ್ಕೆ. ಸದಸ್ಯರ ಹಾಲಿನ ಹಣಕ್ಕಲ್ಲ.

ಗಾಬರಿ ಬೇಡ. ತೆರಿಗೆ ಲೆಕ್ಕ ಹಾಕುವುದು ಖರ್ಚು ಕಳೆದು ಉಳಿದ ಹಣಕ್ಕೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂ.ವರೆಗೆ ತೆರಿಗೆಯಿಲ್ಲ; ಸಾಮಾನ್ಯ ಆದಾಯ 12 ಲಕ್ಷ ರೂ. ದಾಟದಿದ್ದರೆ ರಿಬೇಟ್ ಸಿಗುತ್ತದೆ. ಎರಡು ಹಸುವಿನ ಮನೆಗೆ ಸಾಮಾನ್ಯವಾಗಿ ತೆರಿಗೆ ಬಾರದು. ಹತ್ತು ಹದಿನೈದು ಹಸು ಕಟ್ಟಿದವರು, ಹಾಲಿನ ಜೊತೆಗೆ ಸಂಬಳ ಅಥವಾ ಬಾಡಿಗೆಯೂ ಒಬ್ಬರ ಹೆಸರಿಗೇ ಬರುವವರು ಗಮನಿಸಬೇಕು. ಹೊಸ ಪದ್ಧತಿಯಲ್ಲೂ ವ್ಯವಹಾರದ ಖರ್ಚು ಕಳೆಯಲು ಅವಕಾಶವಿದೆ.

ಯಾವ ಖರ್ಚು ಕಳೆಯಬಹುದು?

1. ಪಶು ಆಹಾರ, ಬೂಸಾ, ಹಿಂಡಿ, ಕೊಂಡ ಹುಲ್ಲು, ಖನಿಜ ಮಿಶ್ರಣ, ಔಷಧಿ, ಚಿಕಿತ್ಸೆ, ವಿಮೆ ಕಂತು.
2. ಆಳಿನ ಕೂಲಿ. ನಿಮ್ಮ ಸ್ವಂತ ದುಡಿಮೆಗೆ ಕೂಲಿ ಹಾಕಿಕೊಳ್ಳುವಂತಿಲ್ಲ.
3. ಹಸುವಿಗಾಗಿ ತೆಗೆದ ಸಾಲದ ಬಡ್ಡಿ. ಅಸಲು ಖರ್ಚಲ್ಲ.
4. ಕೊಟ್ಟಿಗೆಯ ಕರೆಂಟು, ನೀರು. ಮನೆಗೂ ಕೊಟ್ಟಿಗೆಗೂ ಒಂದೇ ಮೀಟರ್ ಇದ್ದರೆ ಕೊಟ್ಟಿಗೆಯ ಪಾಲು ಮಾತ್ರ.
5. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳಿಗೆ ವರ್ಷಕ್ಕೆ ಶೇ 15 ಸವಕಳಿ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಎರಡು ಎಚ್ಚರಿಕೆ. ಒಂದೇ ದಿನ ಒಬ್ಬರೇ ವ್ಯಾಪಾರಿಗೆ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟು ಬೂಸಾ, ಹಿಂಡಿ ತಂದರೆ ಆ ಖರ್ಚನ್ನು ಒಪ್ಪುವುದಿಲ್ಲ. ಬ್ಯಾಂಕ್ ಮೂಲಕ ಕೊಡಿ. ಸಂಘ ಆಹಾರದ ಹಣ ಹಿಡಿದುಕೊಂಡು ಬಟವಾಡೆ ಮಾಡಿದ್ದರೆ, ಹಾಲಿನ ಪೂರ್ತಿ ಹಣವನ್ನು ವರಮಾನ ಎಂದು ಬರೆದು ಆಹಾರವನ್ನು ಖರ್ಚಿನಲ್ಲಿ ತೋರಿಸಿ. ಸರ್ಕಾರದ ಪ್ರೋತ್ಸಾಹಧನವೂ ವರಮಾನವೇ.

ಹಸು ಸತ್ತರೆ?

ಹಸು ಕೊಂಡ ಹಣವನ್ನು ಆ ವರ್ಷದ ಖರ್ಚಿಗೆ ಹಾಕುವಂತಿಲ್ಲ. ಯಂತ್ರದಂತೆ ಸವಕಳಿಯೂ ಇಲ್ಲ. ಆದರೆ ಹಸು ಸತ್ತರೆ, ಅಥವಾ ಕಾಯಂ ಆಗಿ ಕೆಲಸಕ್ಕೆ ಬಾರದಂತಾದರೆ, ಕೊಂಡ ಬೆಲೆಯಲ್ಲಿ ಕೈಗೆ ಬಂದದ್ದನ್ನು ಬಿಟ್ಟು ಉಳಿದದ್ದನ್ನು ಆ ವರ್ಷ ಕಳೆಯಬಹುದು. 80,000 ರೂ. ಕೊಟ್ಟು ತಂದ ಹಸು ಸತ್ತು, ವಿಮೆಯಿಂದ 60,000 ರೂ. ಬಂದಿತು ಎನ್ನಿ. ಕಳೆಯುವುದು 20,000 ರೂ. ವಿಮೆ ಇಲ್ಲದಿದ್ದರೆ ಪೂರ್ತಿ 80,000 ರೂ. ಮನೆಯಲ್ಲೇ ಹುಟ್ಟಿ ಬೆಳೆದ ಹಸುವಿಗೆ ಕೊಂಡ ಬೆಲೆ ಇರುವುದಿಲ್ಲ. ಸಾಕಿದ ಖರ್ಚನ್ನು ಆಯಾ ವರ್ಷವೇ ಕಳೆದಿರುತ್ತೀರಿ.

ಇದಕ್ಕೆ ಎರಡು ಕಾಗದ ಬೇಕು: ಕೊಂಡಾಗಿನ ರಸೀದಿ, 12 ಅಂಕಿಯ ಕಿವಿಯೋಲೆ ಸಂಖ್ಯೆ ಬರೆದ ಪಶುವೈದ್ಯರ ಪತ್ರ. ಹೂಳುವ ಮೊದಲೇ ನಮ್ಮನ್ನು ಕರೆಸಿ. ಹೂತ ಮೇಲೆ ಕೇಳಿದರೆ, ನೋಡದ ಹಸುವಿಗೆ ನಾವು ಪತ್ರ ಬರೆಯಲಾಗದು.

ಶೇ 6ರ ಸುಲಭ ದಾರಿ

ವರ್ಷದ ವಹಿವಾಟು 2 ಕೋಟಿ ರೂ. ಒಳಗಿದ್ದರೆ, ಬ್ಯಾಂಕಿಗೆ ಬಂದ ಹಣದಲ್ಲಿ ಶೇ 6, ವರ್ತನೆ ಹಾಲಿನಂತೆ ನಗದಾಗಿ ಬಂದದ್ದರಲ್ಲಿ ಶೇ 8ನ್ನು ಲಾಭವೆಂದು ತೋರಿಸಬಹುದು. ಖರ್ಚಿನ ಪುಸ್ತಕ ಬೇಡ. ಬ್ಯಾಂಕಿಗೆ 10 ಲಕ್ಷ ರೂ. ಬಂದಿದ್ದರೆ ಲಾಭ 60,000 ರೂ. ಒಳ್ಳೆಯ ವರ್ಷಕ್ಕೆ ಇದು ಅನುಕೂಲ.

ಆದರೆ ಈ ದಾರಿ ಹಿಡಿದರೆ ಬೇರೆ ಖರ್ಚು ಕಳೆಯುವಂತಿಲ್ಲ, ಸತ್ತ ಹಸುವಿನದೂ ಸೇರಿ. 2022ರ ಚರ್ಮಗಂಟು ರೋಗದಂಥ ವರ್ಷ ಬಂದು ಕೊಟ್ಟಿಗೆ ಬರಿದಾದರೂ ಲಾಭವನ್ನೇ ತೋರಿಸಿದಂತಾಗುತ್ತದೆ. ಪುಸ್ತಕ ಇಟ್ಟು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರು ನಷ್ಟವನ್ನು ಮುಂದಿನ 8 ವರ್ಷದ ವ್ಯವಹಾರದ ಲಾಭದಲ್ಲಿ ಕಳೆದುಕೊಳ್ಳಬಹುದು. ಶೇ 6ರ ದಾರಿಯನ್ನು ಒಮ್ಮೆ ಹಿಡಿದು ಐದು ವರ್ಷದೊಳಗೆ ಬಿಟ್ಟರೆ, ಮುಂದಿನ ಐದು ವರ್ಷ ಅದು ಮತ್ತೆ ಸಿಗದು. ಆಯ್ಕೆಗೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಳೆಯ ಸಂಖ್ಯೆ ನೋಡಿ ಗೊಂದಲ ಬೇಡ.

ಇಂದೇ ಮಾಡಿ

ಕೊಟ್ಟಿಗೆಯ ಗೋಡೆಗೆ ಒಂದು ಚೀಲ ನೇತುಹಾಕಿ. ಬಟವಾಡೆ ಚೀಟಿ, ಆಹಾರದ ಬಿಲ್ಲು, ಔಷಧಿ ಚೀಟಿ, ಹಸು ಕೊಂಡ ರಸೀದಿ ಅದರಲ್ಲಿರಲಿ. ತಿಂಗಳಿಗೊಮ್ಮೆ ತೆಗೆದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ತೆರಿಗೆ ಬರಲಿ, ಬಾರದಿರಲಿ, ಯಾವ ಹಸು ಸಾಕುತ್ತಿದೆ, ಯಾವುದು ತಿನ್ನುತ್ತಿದೆ ಎಂಬುದು ಆ ನೋಟ್‌ಬುಕ್ಕಿನಲ್ಲೇ ಗೊತ್ತಾಗುತ್ತದೆ.