ಅಮ್ಮ ಸರ್ಕಾರ ಅಲ್ಲ: ಅಮೆರಿಕದ ಸಂವಿಧಾನ ಹೇಳಿಕೊಡಲು ಹೋದ ನಮ್ಮ ಕಥೆ

ನಮ್ಮ ಕನ್ನಡ ಸಂಘದಿಂದ ಪ್ರತಿ ಭಾನುವಾರ ಆನ್‌ಲೈನ್ ಕನ್ನಡ ಕ್ಲಾಸ್ ನಡೆಸ್ತೀವಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮಗೆ ಬೆಳಗ್ಗೆ ಆರೂವರೆ, ನ್ಯೂಜೆರ್ಸಿಯ ಮಕ್ಕಳಿಗೆ ಶನಿವಾರ ರಾತ್ರಿ ಒಂಬತ್ತು. ಹಾಸ್ಟೆಲ್‌ನಲ್ಲಿ ಆ ಹೊತ್ತಿಗೆ ಎದ್ದಿರೋದು ನಾವು ನಾಲ್ಕು ಜನ ಮತ್ತು ಮೆಸ್‌ನವರು ಮಾತ್ರ.

ಒಂದು ವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು, "ಅಕ್ಕಾ, ಸೋಮವಾರ ಸಿವಿಕ್ಸ್ ಟೆಸ್ಟ್ ಇದೆ. ಇವತ್ತು ಒತ್ತಕ್ಷರ ಬೇಡ, ಅದನ್ನೇ ಕನ್ನಡದಲ್ಲಿ ಹೇಳ್ಕೊಡ್ತೀರಾ?" ಅಂದಳು. ನ್ಯೂಜೆರ್ಸಿಯಲ್ಲಿ 2021ರ ಕಾನೂನಿನಿಂದ ಮಿಡಲ್ ಸ್ಕೂಲ್‌ನಲ್ಲಿ ಸಿವಿಕ್ಸ್ ಕಡ್ಡಾಯ. ಆ ಕಾನೂನಿಗೆ ಇಟ್ಟಿರೋದು ಲಾರಾ ವೂಟನ್ ಅನ್ನೋ ಅಜ್ಜಿಯ ಹೆಸರು. 79 ವರ್ಷ ಮತಗಟ್ಟೆಯಲ್ಲಿ ಕೆಲಸ ಮಾಡಿದವರು ಅವರು. ನಾವೂ ಹತ್ತನೇ ಕ್ಲಾಸ್‌ವರೆಗೆ ಸಿವಿಕ್ಸ್ ಓದಿದೋರೇ ಅಲ್ವಾ ಅಂತ ಧೈರ್ಯವಾಗಿ ಒಪ್ಪಿಕೊಂಡೆವು. ಐದೇ ನಿಮಿಷದಲ್ಲಿ ಸಿಕ್ಕಿಹಾಕಿಕೊಂಡೆವು. ನಾವು ಓದಿದ್ದ ಸಿವಿಕ್ಸ್ ಮೂರು ಮಾರ್ಕ್ಸ್‌ಗೆ ಮೂರು ಪಾಯಿಂಟ್ ಅನ್ನೋ ಥರದ್ದು. ಆ ಮಕ್ಕಳು ಕೇಳ್ತಿದ್ದದ್ದು "ಹಾಗಾದ್ರೆ ನನಗೆ ಹೀಗಾದ್ರೆ?" ಅನ್ನೋ ಪ್ರಶ್ನೆಗಳನ್ನು. ಒಂದು ವಾರ ಟೈಮ್ ತಗೊಂಡು ಓದಿ ಬಂದೆವು. ಟೆಸ್ಟ್ ಅಷ್ಟರಲ್ಲಿ ಮುಗಿದಿತ್ತು, ಪಾಪ. ಆದರೂ ಮಕ್ಕಳು ಬಿಡಲಿಲ್ಲ. ಹಾಗೆ ಓದಿ, ಹೇಳಿಕೊಟ್ಟು, ಮಧ್ಯೆ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೀತಿದ್ದೀವಿ. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ, ನಾವು ಇಂಗ್ಲಿಷ್ ಮೀಡಿಯಂನವರು.

ಮೊದಲು ಸರ್ಕಾರದ ವಿಷಯ ಮುಗಿಸಿಬಿಡೋಣ. ನಮ್ಮ ಕಡೆಯವರು ಇದನ್ನು ಹೇಳುವಾಗ ಮಾಡೋ ದೊಡ್ಡ ತಪ್ಪು, ಅಮೆರಿಕದ ಪ್ರೆಸಿಡೆಂಟ್ ಅಂದ್ರೆ ನಮ್ಮ ಪ್ರಧಾನಿ ಇದ್ದ ಹಾಗೆ ಅಂದುಕೊಳ್ಳೋದು. ನಮ್ಮ ಪ್ರಧಾನಿ ಸಂಸತ್ತಿನೊಳಗೇ ಕೂತಿರುತ್ತಾರೆ, ಲೋಕಸಭೆಯಲ್ಲಿ ಬಹುಮತ ಹೋದರೆ ಕುರ್ಚಿ ಹೋಗುತ್ತೆ. ಅಲ್ಲಿನ ಪ್ರೆಸಿಡೆಂಟ್ ಕಾಂಗ್ರೆಸ್‌ನ ಸದಸ್ಯರೇ ಅಲ್ಲ. ಅವರ ಮಂತ್ರಿಗಳೂ ಸದಸ್ಯರಾಗಿರುವಂತಿಲ್ಲ. (ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅವರ ಸಂಸತ್ತು. 435 ಜನರ ಒಂದು ಸದನ, 100 ಜನರ ಸೆನೆಟ್.) ಕಾಂಗ್ರೆಸ್ ಮಾಡಿದ ಮಸೂದೆಯನ್ನು ಪ್ರೆಸಿಡೆಂಟ್ ವೀಟೋ ಮಾಡಬಹುದು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಆ ವೀಟೋ ಬಿದ್ದುಹೋಗುತ್ತೆ. ಸುಪ್ರೀಂ ಕೋರ್ಟ್‌ನ ಒಂಬತ್ತು ಜಡ್ಜ್‌ಗಳನ್ನು ಪ್ರೆಸಿಡೆಂಟ್ ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ನಮ್ಮಲ್ಲಿ 65ಕ್ಕೆ ನಿವೃತ್ತಿ, ಅವರಿಗೆ ವಯಸ್ಸಿನ ಮಿತಿಯೇ ಇಲ್ಲ. ಒಬ್ಬರ ಕೈಗೆ ಇನ್ನೊಬ್ಬರ ಕೈ ಕಟ್ಟಿದ್ದಾರೆ ಅಂತ ಹೇಳಿದೆವು. ಮೂರು ಕಾಲಿನ ಓಟ ಅಂತ ಒಬ್ಬ ಹುಡುಗ ಹೆಸರಿಟ್ಟ, ನಮ್ಮದಕ್ಕಿಂತ ಅದೇ ಚೆನ್ನಾಗಿದೆ.

ಹಕ್ಕುಗಳ ಪಾಠಕ್ಕೆ ಬಂದಾಗ ನಿಜವಾದ ಮಜಾ ಶುರುವಾಯಿತು. ಸಂವಿಧಾನ ಜಾರಿಗೆ ಬಂದ ಮೇಲೆ, 1791ರಲ್ಲಿ ಸೇರಿಸಿದ ಮೊದಲ ಹತ್ತು ತಿದ್ದುಪಡಿಗಳಿಗೆ ಬಿಲ್ ಆಫ್ ರೈಟ್ಸ್ ಅನ್ನುತ್ತಾರೆ. ಮೊದಲನೆಯದ್ದು ಮಾತು, ಧರ್ಮ, ಪತ್ರಿಕೆ, ಸಭೆ ಸೇರುವುದು, ಅಹವಾಲು ಸಲ್ಲಿಸುವುದು. ನಾಲ್ಕನೆಯದ್ದು ಕಾರಣವಿಲ್ಲದೆ ಶೋಧಿಸಬಾರದು, ವಶಪಡಿಸಿಕೊಳ್ಳಬಾರದು ಅಂತ. ಇಷ್ಟು ಹೇಳಿದ್ದೇ ತಡ, ಪ್ರಶ್ನೆ ಬಂತು: "ಅಣ್ಣಾ, ಅಮ್ಮ ನನ್ನ ಫೋನ್ ಕಿತ್ಕೊಂಡ್ರೆ ಅದು ಫೋರ್ತ್ ಅಮೆಂಡ್‌ಮೆಂಟ್ ವಯಲೇಷನ್ನಾ?"

ಹಿಂದೆ ಅಡುಗೆಮನೆಯಿಂದ ಅಮ್ಮನ ದನಿಯೂ ಕೇಳಿಸಿತು, ಅದನ್ನು ಬರೆಯೋದು ಬೇಡ. ನಮ್ಮ ಉತ್ತರ: ಅಲ್ಲ, ಯಾಕಂದ್ರೆ ಅಮ್ಮ ಸರ್ಕಾರ ಅಲ್ಲ. ತಮಾಷೆ ಅನ್ನಿಸಿದರೂ ಇಡೀ ಪಾಠದ ಬೀಗದಕೈ ಇದೇ. ಮೊದಲ ತಿದ್ದುಪಡಿಯ ವಾಕ್ಯ ಶುರುವಾಗೋದೇ ಕಾಂಗ್ರೆಸ್ ಇಂಥ ಕಾನೂನು ಮಾಡಕೂಡದು ಅಂತ. ಅದು ಸರ್ಕಾರದ ಕೈ ಕಟ್ಟುವ ವಾಕ್ಯ, ಪಕ್ಕದ ಮನೆಯವರದ್ದಲ್ಲ. ಆಮೇಲೆ 1868ರ ಹದಿನಾಲ್ಕನೇ ತಿದ್ದುಪಡಿಯ ಮೂಲಕ ಕೋರ್ಟ್‌ಗಳು ಇದನ್ನು ರಾಜ್ಯಗಳಿಗೂ ಹಿಡಿಸಿದವು. ಪಬ್ಲಿಕ್ ಸ್ಕೂಲ್ ರಾಜ್ಯದ್ದು, ಹಾಗಾಗಿ ಅಲ್ಲಿನ ಪ್ರಿನ್ಸಿಪಾಲ್‌ಗೂ ಅನ್ವಯ. ಪ್ರೈವೇಟ್ ಸ್ಕೂಲ್‌ನ ಪ್ರಿನ್ಸಿಪಾಲ್‌ಗೆ ಅನ್ವಯಿಸೋದಿಲ್ಲ. ಆದ್ದರಿಂದ ಯಾವ ಘಟನೆ ಹೇಳಿದರೂ ಮೊದಲು "ಮಾಡಿದ್ದು ಸರ್ಕಾರನಾ?" ಅಂತ ಕೇಳಬೇಕು ಅನ್ನೋ ರೂಢಿ ಮಾಡಿಸಿದೆವು. ಇದನ್ನೇ ಆಟವಾಗಿ ಕಲಿಯಬೇಕು ಅಂದ್ರೆ ಐಸಿವಿಕ್ಸ್ ಅಂತ ಇದೆ. ಅಮೆರಿಕದ ಸುಪ್ರೀಂ ಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ನಿವೃತ್ತಿಯ ನಂತರ, 2009ರಲ್ಲಿ ಶುರುಮಾಡಿದ್ದು. ಅದರ ಒಂದು ಗೇಮ್‌ನಲ್ಲಿ ನಾವೇ ವಕೀಲರ ಆಫೀಸ್ ನಡೆಸಬೇಕು. ಬಂದ ಕ್ಲೈಂಟ್‌ಗೆ ನಿಜವಾಗಿಯೂ ಹಕ್ಕು ಇದೆಯಾ ಅಂತ ನೋಡಿ ಕೇಸ್ ಹಿಡಿಯಬೇಕು. ಇಂಟರ್ನಲ್ಸ್ ವಾರದಲ್ಲಿ ಮಾತ್ರ ತೆರೀಬೇಡಿ, ಅನುಭವದ ಮಾತು.

ಮಕ್ಕಳಿಗೆ ತಿದ್ದುಪಡಿಗಳ ನಂಬರ್ ಬಾಯಿಪಾಠ ಮಾಡಿಸೋದಕ್ಕಿಂತ, ಮಕ್ಕಳೇ ಕಕ್ಷಿದಾರರಾಗಿದ್ದ ಕೇಸ್‌ಗಳನ್ನು ಹೇಳೋದು ಒಳ್ಳೇದು ಅಂತ ನಮಗೆ ಅನ್ನಿಸಿತು. ಅವತ್ತು ಕ್ಲಾಸಲ್ಲಿದ್ದದ್ದು ಸರಿಯಾಗಿ ಒಂಬತ್ತು ಮಕ್ಕಳು. ಕಥೆ ಹೇಳ್ತೀವಿ, ತೀರ್ಪು ಹೇಳಲ್ಲ, ನೀವೇ ವೋಟ್ ಹಾಕಿ ಅಂದೆವು.

ಮೊದಲ ಕಥೆ ಐಯೋವಾ ರಾಜ್ಯದ ಡಿ ಮೊಯಿನ್ ಊರಿನದ್ದು. 1965ರ ಡಿಸೆಂಬರ್. ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ದುಃಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಬೇಕು ಅಂತ ಕೆಲವು ಮಕ್ಕಳು ತೀರ್ಮಾನಿಸಿದರು. ವಿಷಯ ತಿಳಿದ ಪ್ರಿನ್ಸಿಪಾಲ್‌ಗಳು ಮೊದಲೇ ಸೇರಿ, ಪಟ್ಟಿ ಕಟ್ಟಿದರೆ ಸಸ್ಪೆಂಡ್ ಅಂತ ನಿಯಮ ಮಾಡಿಬಿಟ್ಟರು. ಆದರೂ ಮೇರಿ ಬೆತ್ ಟಿಂಕರ್ ಕಟ್ಟಿಕೊಂಡು ಹೋದಳು. ಎಂಟನೇ ಕ್ಲಾಸ್, ವಯಸ್ಸು 13. ಅವಳ ಅಣ್ಣ ಜಾನ್‌ಗೆ 15. ಗಲಾಟೆ ಏನೂ ಆಗಲಿಲ್ಲ, ಆದರೂ ಸಸ್ಪೆಂಡ್ ಆದರು. ನಮ್ಮ ಒಂಬತ್ತು ಜಡ್ಜ್‌ಗಳಲ್ಲಿ ಎಂಟು ಜನ ಟಿಂಕರ್ ಕಡೆ. ನಿಜವಾದ ಕೋರ್ಟ್‌ನಲ್ಲಿ 1969ರಲ್ಲಿ 7-2. ಶಾಲೆಯ ಗೇಟು ದಾಟಿದ ತಕ್ಷಣ ಮಕ್ಕಳ ಹಕ್ಕು ಕಳಚಿಹೋಗೋದಿಲ್ಲ, ಪಾಠಕ್ಕೆ ಗಣನೀಯ ಅಡ್ಡಿಯಾಗುತ್ತೆ ಅಂತ ಶಾಲೆ ತೋರಿಸಬೇಕು, ಬರೀ ಭಯ ಸಾಲದು ಅಂತ ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದರು. ಬೇರೆ ರಾಜಕೀಯ ಬ್ಯಾಡ್ಜ್‌ಗಳನ್ನು ಬಿಟ್ಟು ಈ ಪಟ್ಟಿಯೊಂದನ್ನೇ ತಡೆದದ್ದೂ ಶಾಲೆಯ ವಿರುದ್ಧವಾಯಿತು. ಸೋತ ಪಕ್ಷದಲ್ಲಿ ಬರೆದವರು ಹ್ಯೂಗೋ ಬ್ಲ್ಯಾಕ್, ಇನ್ನು ಮೇಲೆ ಶಾಲೆ ನಡೆಸೋದು ಮಕ್ಕಳೇ ಆಗ್ತಾರೆ ಅನ್ನೋ ಧಾಟಿಯಲ್ಲಿ. ನಮ್ಮ ಕ್ಲಾಸಿನ ಒಂಬತ್ತನೆಯವನು, ಅಂದರೆ ಶಾಲೆಯ ಕಡೆ ವೋಟ್ ಹಾಕಿದವನು, ಇದನ್ನು ಕೇಳಿ ಬಹಳ ಖುಷಿಪಟ್ಟ.

ಎರಡನೇ ಕಥೆ ಅವರದ್ದೇ ರಾಜ್ಯದ ಪಿಸ್ಕಾಟವೇ ಹೈಸ್ಕೂಲ್‌ನದ್ದು. 1980ರಲ್ಲಿ 14 ವರ್ಷದ ಹುಡುಗಿಯೊಬ್ಬಳು ಬಾತ್‌ರೂಮಲ್ಲಿ ಸಿಗರೇಟು ಸೇದುತ್ತಿದ್ದಳು ಅಂತ ಟೀಚರ್ ಹಿಡಿದರು. ನಾನು ಸೇದೋದೇ ಇಲ್ಲ ಅಂದಳು. ವೈಸ್ ಪ್ರಿನ್ಸಿಪಾಲ್ ಅವಳ ಪರ್ಸ್ ತೆಗೆದು ನೋಡಿದರು. ಮೇಲೆ ಸಿಗರೇಟು, ಕೆಳಗೆ ಗಾಂಜಾ. ದಾಖಲೆಗಳಲ್ಲಿ ಅವಳ ಹೆಸರಿಲ್ಲ, ಟಿ.ಎಲ್.ಓ. ಅಂತಷ್ಟೇ. ನಮ್ಮ ಒಂಬತ್ತು ಜನರೂ ಅವಳ ಪರವೇ. "ಪರ್ಸ್ ಅವಳದ್ದು!" ಅಂತ ಕೂಗಿದರು. 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ನಾಲ್ಕನೇ ತಿದ್ದುಪಡಿ ಶಾಲೆಯ ಸಿಬ್ಬಂದಿಗೂ ಅನ್ವಯಿಸುತ್ತೆ, ಆದರೆ ಪೊಲೀಸರ ಹಾಗೆ ವಾರಂಟ್ ಬೇಕಿಲ್ಲ, ಸಮಂಜಸವಾದ ಅನುಮಾನ ಇದ್ದರೆ ಸಾಕು. ಹುಡುಗಿ ಸೋತಳು. ಮಕ್ಕಳಿಗೆ ನಮ್ಮ ಮೇಲೇ ಕೋಪ ಬಂತು, ತೀರ್ಪು ಬರೆದದ್ದು ನಾವೇ ಅನ್ನೋ ಹಾಗೆ. ಆದರೆ ಗೆದ್ದ ಕೇಸ್‌ಗಳನ್ನು ಮಾತ್ರ ಹೇಳಿದ್ದರೆ ಮೋಸ ಆಗುತ್ತಿತ್ತು.

ಮೂರನೆಯದ್ದು ಹೇಳಿದ ಮೇಲೆ ನಮಗೆ ಬೈಗುಳ ಬಂತು. ಅಮೆರಿಕದ ಶಾಲೆಗಳಲ್ಲಿ ಬೆಳಗ್ಗೆ ಬಾವುಟದ ಮುಂದೆ ನಿಂತು ಪ್ರತಿಜ್ಞೆ ಹೇಳುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಜೆಹೋವನ ಸಾಕ್ಷಿಗಳು ಅನ್ನೋ ಪಂಥದ ಗೋಬಿಟಾಸ್ ಮಕ್ಕಳು, ದೇವರಿಗೆ ಬಿಟ್ಟು ಬೇರೆ ಯಾವುದಕ್ಕೂ ವಂದಿಸೋದಿಲ್ಲ ಅಂದದ್ದಕ್ಕೆ ಶಾಲೆಯಿಂದ ಹೊರಗೆ ಹಾಕಿದರು. 1940ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಶಾಲೆ ಮಾಡಿದ್ದೇ ಸರಿ ಅಂದಿತು. ಆಮೇಲೆ ಆ ಪಂಥದವರ ಮೇಲೆ ಹಲವು ಕಡೆ ಹಲ್ಲೆಗಳಾದವು. ಮೂರೇ ವರ್ಷಕ್ಕೆ, ವೆಸ್ಟ್ ವರ್ಜೀನಿಯಾದ ಇಬ್ಬರು ಅಕ್ಕತಂಗಿಯರ ಬಾರ್ನೆಟ್ ಪ್ರಕರಣದಲ್ಲಿ ಅದೇ ಕೋರ್ಟ್ 6-3ರಿಂದ ತನ್ನ ತೀರ್ಪನ್ನೇ ತಿರುಗಿಸಿತು. ಒತ್ತಾಯದಿಂದ ಪ್ರತಿಜ್ಞೆ ಹೇಳಿಸುವಂತಿಲ್ಲ. ತೀರ್ಪು ಬಂದ ದಿನ 1943ರ ಜೂನ್ 14, ಅಲ್ಲಿ ಅದು ಬಾವುಟದ ದಿನ. (ಎರಡೂ ಕುಟುಂಬಗಳ ಹೆಸರಿನ ಸ್ಪೆಲಿಂಗ್ ಕೋರ್ಟ್ ದಾಖಲೆಯಲ್ಲಿ ತಪ್ಪಾಗಿದೆ. ನಮ್ಮ ಮಾರ್ಕ್ಸ್ ಕಾರ್ಡ್‌ಗಳು ಒಂದೇ ಅಲ್ಲ.)

ಮರುದಿನ ಒಬ್ಬ ಹುಡುಗನ ಅಪ್ಪ ಮೆಸೇಜ್ ಮಾಡಿದರು. "ಒಳ್ಳೇ ಕೆಲಸ ಮಾಡ್ತಿದ್ದೀರಿ ಕಣ್ರಪ್ಪಾ, ಆದ್ರೆ ಇವನು ನಾಳೆ ಪ್ಲೆಜ್‌ಗೆ ಎದ್ದು ನಿಲ್ಲಲ್ಲ ಅಂತಿದ್ದಾನೆ. ನಾವು ವೀಸಾ ಮೇಲಿರೋರು. ಗ್ರೀನ್ ಕಾರ್ಡ್‌ಗೆ ಕಾಯ್ತಾ ಹನ್ನೊಂದು ವರ್ಷ ಆಯ್ತು. ಕನ್ನಡ ಹೇಳ್ಕೊಡಿ ಸಾಕು."

ಏನು ಉತ್ತರ ಬರೆಯೋದು ಅಂತ ನಾವು ನಾಲ್ಕು ಜನ ಕ್ಯಾಂಟೀನ್‌ನಲ್ಲಿ ಕೂತು ಜಗಳವಾಡಿದೆವು. ಹಕ್ಕು ಅಂದ್ರೆ ಹಕ್ಕು, ಪೋಷಕರಿಗೆ ಹೆದರಿ ಪಾಠ ನಿಲ್ಲಿಸೋದಾ ಅಂತ ಇಬ್ಬರು. ಅವರ ಜಾಗದಲ್ಲಿ ನಮ್ಮಪ್ಪ ಇದ್ದಿದ್ರೆ ಅಂತ ಇನ್ನಿಬ್ಬರು. ಕಡೆಗೆ ಒಂದು ವಿಷಯ ಒಪ್ಪಿಕೊಂಡೆವು: ಅವರ ಭಯ ತಪ್ಪಲ್ಲ, ನಮ್ಮ ಪಾಠವೇ ಅರ್ಧ ಆಗಿತ್ತು. ಟಿಂಕರ್ ಮನೆಗೆ ಕೆಂಪು ಬಣ್ಣ ಎರಚಿದರು, ಬೆದರಿಕೆಗಳು ಬಂದವು. ಗೋಬಿಟಾಸ್ ಕುಟುಂಬದ ದಿನಸಿ ಅಂಗಡಿಗೆ ಬಹಿಷ್ಕಾರ ಹಾಕಿದರು. ಮೇರಿ ಬೆತ್ ಗೆಲ್ಲೋ ಹೊತ್ತಿಗೆ ಮೂರು ವರ್ಷ ದಾಟಿತ್ತು. ಇದನ್ನೆಲ್ಲ ಬಿಟ್ಟು ನಾವು ಬರೀ ಸ್ಕೋರ್ ಹೇಳಿದ್ದೆವು, ಕ್ರಿಕೆಟ್ ಥರ.

ಮುಂದಿನ ವಾರ ಅದನ್ನು ಸೇರಿಸಿ ಮತ್ತೆ ಪಾಠ ಮಾಡಿದೆವು. ವೀಸಾದವರಿಗೆ ಹಕ್ಕೇ ಇಲ್ವಾ ಅನ್ನೋದಕ್ಕೂ ಉತ್ತರ ಹುಡುಕಿದ್ದೆವು. ಹದಿನಾಲ್ಕನೇ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆ ಕೊಡುವಾಗ ಬಳಸಿರೋ ಪದ ವ್ಯಕ್ತಿ, ನಾಗರಿಕ ಅಲ್ಲ. ಆ ಒಂದು ಪದದ ಮೇಲೆ ನಿಂತು 1982ರಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಿಲ್ಲದೆ ಬಂದ ಕುಟುಂಬದ ಮಕ್ಕಳಿಗೂ ಟೆಕ್ಸಾಸ್ ಶಾಲೆಗಳು ಬಾಗಿಲು ಮುಚ್ಚುವಂತಿಲ್ಲ ಅಂತ 5-4ರಿಂದ ಹೇಳಿತು. ಆದರೆ ವೀಸಾ ಕೊಡೋದು, ಬಿಡೋದು ಬೇರೆ ಕಾನೂನು, ಅಲ್ಲಿ ಸರ್ಕಾರದ ಕೈ ಬಹಳ ಉದ್ದ. ಈ ಎರಡನ್ನೂ ಒಟ್ಟಿಗೇ ಹೇಳಿದೆವು. ಎದ್ದು ನಿಲ್ಲು, ಕೂರು ಅಂತ ನಾವು ಹೇಳಲಿಲ್ಲ.

ಇನ್ನೊಂದು ವಿಷಯ ನಮಗೇ ಹೊಸದು. ಆ ಬಾರ್ನೆಟ್ ತೀರ್ಪು ನಮ್ಮ ದೇಶಕ್ಕೂ ಬಂದಿದೆ. 1985ರಲ್ಲಿ ಕೇರಳದ ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಆದರೆ ಹಾಡಲಿಲ್ಲ. ಶಾಲೆಯಿಂದ ತೆಗೆದರು. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಅಂತ ಅದು ಪ್ರಸಿದ್ಧ. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಆ ತೀರ್ಪಿನಲ್ಲಿ ವೆಸ್ಟ್ ವರ್ಜೀನಿಯಾದ ಅಕ್ಕತಂಗಿಯರ ಕೇಸಿನ ಚರ್ಚೆ ಇದೆ. ಹತ್ತನೇ ಕ್ಲಾಸ್‌ವರೆಗೆ ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡಿ ಬರೆದ ನಮಗೆ ಇದು ಗೊತ್ತಾಗಿದ್ದು ನ್ಯೂಜೆರ್ಸಿಯ ಹುಡುಗಿಯ ಟೆಸ್ಟ್‌ನಿಂದ.

ಆ ಕ್ಲಾಸಿಗೆ ಮೆಸೇಜ್ ಮಾಡಿದ್ದ ಅಪ್ಪನೂ ಮಗನ ಪಕ್ಕ ಬಂದು ಕೂತಿದ್ದರು. ಕಡೆಯಲ್ಲಿ ಮೈಕ್ ಆನ್ ಮಾಡಿ, "ಈ ಮಾತಾಡೋ ಹಕ್ಕು ನಮ್ಮ ಆಫೀಸಲ್ಲೂ ನಡೆಯುತ್ತಾ? ನಮ್ಮ ಮ್ಯಾನೇಜರ್ ಹತ್ರ?" ಅಂತ ಕೇಳಿದರು. ನಾವು ಬಾಯಿ ತೆರೆಯೋ ಮೊದಲೇ ಹುಡುಗ ತಿರುಗಿ ಕೇಳಿದ:

"ಅಪ್ಪಾ, ನಿಮ್ಮ ಕಂಪನಿ ಸರ್ಕಾರನಾ?"